ಕಿತ್ತ ಪಾರ್ಟ್ಸಿಗೂ ದುಡ್ಡು ತಗೋತೀರಾ?

ಡೊಂಬಿವಲಿಯ ನಮ್ಮ ಮನೆಗೆ ಹಳೆ ಪಾರ್ಟ್ಸ್ ಕೇಳಿಕೊಂಡು ಬರುವವರೆಲ್ಲ ಒಂದಲ್ಲ ಒಂದು ಹೊತ್ತಿಗೆ ಇದನ್ನು ಕೇಳಿಯೇ ಕೇಳುತ್ತಾರೆ. ಗುಜರಿ ರೇಡಿಯೋದಿಂದ ಕಿತ್ತದ್ದಕ್ಕೂ ಬೆಲೆಯಾ? ಮುಂಬೈಯ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿಗೆ ಹೋದರೆ ಹೊಸದೇ ಸಿಗುತ್ತಲ್ವಾ?

ಹೊಸದು ಸಿಗುವ ಮಾಲಿಗೆ ನಾನು ದುಡ್ಡು ತಗೊಳ್ಳುವುದಿಲ್ಲ. ರೆಸಿಸ್ಟರ್, ಬಿಸಿ547 ಟ್ರಾನ್ಸಿಸ್ಟರ್, ಸಣ್ಣಪುಟ್ಟ ಡಯೋಡ್, ಬೇಕಾದಷ್ಟು ಸುಮ್ನೆ ಒಯ್ಯಿರಿ. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಆ ಪೇಟೆಗೆ ನಡೆದರೆ ಅವು ಚಿಲ್ಲರೆ ಕಾಸಿಗೆ ಸಿಗುತ್ತವೆ. ಅಂಗಡಿಯಲ್ಲಿ ಸುಲಭಕ್ಕೆ ಸಿಗದ, ನಾನು ಕೂತು ಪರೀಕ್ಷೆ ಮಾಡಿದ ಪಾರ್ಟ್ಸಿಗೆ ಮಾತ್ರ ಬೆಲೆ.

ಎಸಿ128 ಟ್ರಾನ್ಸಿಸ್ಟರನ್ನೇ ನೋಡಿ. ಈಗಿನ ಸಿಲಿಕಾನ್ ಅಲ್ಲ, ಹಳೆ ಕಾಲದ ಜರ್ಮೇನಿಯಂನದು. ಒಂದು ಕಾಲಕ್ಕೆ ನಮ್ಮ ಬೆಂಗಳೂರಿನ ಬಿಇಎಲ್ ಇದನ್ನು ಮಾಡುತ್ತಿತ್ತು. ಹಳೆ ರೇಡಿಯೋಗಳಲ್ಲಿ ಸ್ಪೀಕರ್ ನಡೆಸುವ ಔಟ್‌ಪುಟ್‌ನಲ್ಲಿ ಜೋಡಿಯಾಗಿ ಕೂತಿರುತ್ತದೆ. ಈಗ ಇದನ್ನು ಹುಡುಕುವವರಲ್ಲಿ ಗಿಟಾರ್ ಹುಡುಗರೇ ಜಾಸ್ತಿ. 1966ರಲ್ಲಿ ಬಂದ, ಗಿಟಾರ್ ಸದ್ದನ್ನು ಒರಟು ಮಾಡುವ ಫಜ್ ಫೇಸ್ ಪೆಡಲ್ ಇಂಥ ಎರಡು ಟ್ರಾನ್ಸಿಸ್ಟರ್ ಮೇಲೆ ನಿಂತಿದೆ. ಮೊದಲನೆಯದರ ಗೇನ್, ಅಂದರೆ ಕರೆಂಟನ್ನು ಎಷ್ಟು ಪಟ್ಟು ಹೆಚ್ಚಿಸುತ್ತದೆ ಎಂಬ ಅಂಕಿ, ಸುಮಾರು 70, ಎರಡನೆಯದರದ್ದು 120ರ ಆಸುಪಾಸು ಇದ್ದರೆ ಸದ್ದು ಚೆನ್ನಾಗಿ ಬರುತ್ತದೆ.

ತೊಂದರೆ ಏನೆಂದರೆ, ಜರ್ಮೇನಿಯಂ ಸೋರುತ್ತದೆ. ಕರೆಂಟನ್ನು ಹಿಡಿತದಲ್ಲಿಡುವ ಕಾಲಾದ ಬೇಸ್‌ಗೆ ಏನೂ ಕೊಡದಿದ್ದರೂ ಸ್ವಲ್ಪ ಕರೆಂಟ್ ಹರಿಯುತ್ತಲೇ ಇರುತ್ತದೆ. ಅಗ್ಗದ ಮಲ್ಟಿಮೀಟರ್ ಆ ಸೋರಿಕೆಯನ್ನೂ ಗೇನ್ ಲೆಕ್ಕಕ್ಕೇ ಸೇರಿಸಿಬಿಡುತ್ತದೆ. ಥಾಣೆಯಿಂದ ಬಂದ ಹುಡುಗನೊಬ್ಬ ಒಂದನ್ನು ತನ್ನ ಮೀಟರಿಗೆ ಸಿಕ್ಕಿಸಿ, "ಸರ್, 130 ತೋರಿಸ್ತಿದೆ, ಇದೇ ಕೊಡಿ" ಎಂದ. ಅದನ್ನು ನನ್ನ ಪರೀಕ್ಷೆಯ ಬೋರ್ಡಿಗೆ ಹಾಕಿದೆ. 9 ವೋಲ್ಟ್ ಕೊಟ್ಟು, ಮೊದಲು ಬೇಸ್ ಖಾಲಿ ಬಿಟ್ಟು ಹರಿಯುವ ಕರೆಂಟ್ ಅಳೆಯಬೇಕು. ಆಮೇಲೆ ಬೇಸ್‌ಗೆ 2.2 ಮೆಗ್‌ನ ರೆಸಿಸ್ಟರ್ ಸೇರಿಸಿ ಅಳೆಯಬೇಕು. ಎರಡರ ನಡುವಿನ ವ್ಯತ್ಯಾಸವೇ ನಿಜವಾದ ಗೇನ್‌ನ ಲೆಕ್ಕ. ಅವನದು 80 ಕೂಡ ದಾಟಲಿಲ್ಲ. "ಎರಡು ಬೆರಳಲ್ಲಿ ಹಿಡಿದು ನೋಡಪ್ಪ" ಎಂದೆ. ಮೈ ಬಿಸಿಗೇ ಸೋರಿಕೆಯ ಅಂಕಿ ಏರುತ್ತಾ ಹೋಯಿತು. ಅದಕ್ಕೇ ಮುಟ್ಟಿದ ಮೇಲೆ ತಣ್ಣಗಾಗುವ ತನಕ ಕಾಯಬೇಕು. ಮುಂಬೈ ಸೆಕೆಯಲ್ಲಿ ನಾನು ಈ ಕೆಲಸವನ್ನು ಬೆಳಿಗ್ಗೆ ಬೇಗ ಮುಗಿಸುತ್ತೇನೆ. ಒಂದೊಂದನ್ನೂ ಹೀಗೆ ನೋಡಿ, ಗೇನ್, ಸೋರಿಕೆ ಎರಡರ ಅಂಕಿಗಳನ್ನೂ ಚೀಟಿಯಲ್ಲಿ ಬರೆದು ಅಂಟಿಸಿ ಕೊಡುತ್ತೇನೆ. ನೀವು ಕೊಡುವ ದುಡ್ಡು ಆ ಚೀಟಿಗೆ.

ಕೆಲವನ್ನು ಮಾತ್ರ ಕೇಳಿದರೂ ಕೊಡುವುದಿಲ್ಲ. ಹಳೆ ಎಲೆಕ್ಟ್ರೋಲಿಟಿಕ್ ಕಂಡೆನ್ಸರ್ (ಚಾರ್ಜ್ ಹಿಡಿದಿಡುವ ಪಾರ್ಟ್) ಒಳಗೆ ಒಣಗಿರುತ್ತದೆ. ಮೀಟರಿನಲ್ಲಿ ಅದರ ಮೈಕ್ರೋಫ್ಯಾರಡ್ ಅಳತೆ ಸರಿ ಬಂದರೂ ನಂಬುವ ಹಾಗಿಲ್ಲ. ಅದನ್ನು ಹೊಸದೇ ಕೊಳ್ಳಿ. ಎಎಫ್114ರಿಂದ 117ರವರೆಗಿನ ಹಳೆ ರೇಡಿಯೋ ಟ್ರಾನ್ಸಿಸ್ಟರುಗಳಿಗೂ ನಾನು ಬೆಲೆ ಕಟ್ಟುವುದಿಲ್ಲ. ಡಬ್ಬಿಯೊಳಗೆ ತವರದ ಸಣ್ಣ ಸಣ್ಣ ಎಳೆಗಳು ಬೆಳೆದು ಶಾರ್ಟ್ ಮಾಡುತ್ತವೆ. ಇವತ್ತು ಚೆನ್ನಾಗಿದ್ದದ್ದು ಮುಂದಿನ ತಿಂಗಳು ಕೈಕೊಡಬಹುದು. ನಿಮ್ಮ ರೇಡಿಯೋದಲ್ಲಿ ಅದೇ ಇದ್ದು ಸದ್ದು ನಿಂತಿದ್ದರೆ, ಡಬ್ಬಿಗೆ ಸೇರಿದ ನಾಲ್ಕನೇ ಕಾಲನ್ನು ಕತ್ತರಿಸಿ ನೋಡಿ, ಎಷ್ಟೋ ಸಲ ಮತ್ತೆ ಹಾಡುತ್ತದೆ.

ಗ್ಯಾಂಗ್ ಕಂಡೆನ್ಸರ್ (ರೇಡಿಯೋದಲ್ಲಿ ಸ್ಟೇಷನ್ ತಿರುಗಿಸುವ, ತಗಡಿನ ಎಲೆಗಳ ಪಾರ್ಟ್) ಒಯ್ಯುವವರಿಗೆ ಒಂದು ಮಾತು. ಎಲೆಗಳನ್ನು ಪೂರ್ತಿ ಒಳಗೆ ತಿರುಗಿಸಿಯೇ ಕೊಡುತ್ತೇನೆ. ಲೋಕಲ್ ರೈಲಿನ ನೂಕುನುಗ್ಗಲಿನಲ್ಲಿ ಹೊರಗೆ ಚಾಚಿದ ಎಲೆ ಒಂದು ಬಗ್ಗಿದರೂ ಆ ಕಂಡೆನ್ಸರ್ ಕೆಟ್ಟಂತೆ. ಮನೆ ಮುಟ್ಟುವ ತನಕ ತಿರುಗಿಸಬೇಡಿ. ಮತ್ತೆ, ಬರುವ ಮುಂಚೆ ಯಾವ ಸರ್ಕ್ಯೂಟಿಗೆ ಬೇಕು ಅಂತ ಹೇಳಿ, ಅದಕ್ಕೆ ಹೊಂದುವ ಜೋಡಿ ಆರಿಸಿ ಇಟ್ಟಿರುತ್ತೇನೆ.