ಆ ಪ್ರವಾದಿ ದೇವರಿಂದ ಬಂದವರೋ, ಅಲ್ಲವೋ?

ಮೊಬೈಲಿನಲ್ಲಿ, ಭವಿಷ್ಯ ನುಡಿಯುವ ಪ್ರವಾದಿಯೊಬ್ಬರ ವಿಡಿಯೊ ತೋರಿಸಿ, ‘ಇವರು ನಿಜವಾಗಿಯೂ ದೇವರ ಸೇವಕರೇ? ಹೌದು ಅಥವಾ ಇಲ್ಲ, ಅಷ್ಟು ಹೇಳಿದರೆ ಸಾಕು’ ಎನ್ನುವವರು, ನಾನು ಸಭೆಯಲ್ಲಿ ಬೈಬಲ್ ಅಧ್ಯಯನ ಕೂಟ ನಡೆಸುತ್ತೇನೆಂಬ ಒಂದೇ ಕಾರಣಕ್ಕೆ, ಮದುವೆಮನೆಯಲ್ಲಿಯೂ ಸ್ಮಶಾನದ ಗೇಟಿನ ಬಳಿಯಲ್ಲಿಯೂ ನನ್ನನ್ನು ಬಿಟ್ಟಿಲ್ಲ. ಬಾಯಿಂದ ಹೇಳಿ ಸಾಕಾಗಿ ಈಗ ಬರೆಯುತ್ತಿದ್ದೇನೆ. ಹತ್ತು ನಿಮಿಷದ ತುಣುಕನ್ನು ನೋಡಿ ಒಬ್ಬ ಮನುಷ್ಯನ ಅಂತರಂಗವನ್ನು ಅಳೆಯಲು ನನಗೆ ಬರುವುದಿಲ್ಲ; ಬರುತ್ತದೆ ಎನ್ನುವವರಿಂದಲೂ ನೀವು ದೂರವಿರುವುದು ಒಳ್ಳೆಯದು.

ಇಷ್ಟು ಹೇಳಿದ ಕೂಡಲೇ, ಅನುಮಾನದಿಂದ ಕೇಳಲು ಬಂದವರೇ ಆ ಪ್ರವಾದಿಯ ವಕೀಲರಾಗುತ್ತಾರೆ. ‘ತೀರ್ಪು ಮಾಡಬೇಡಿರಿ ಎಂದು ಮತ್ತಾಯ 7ರಲ್ಲಿ ಇಲ್ಲವೇ?’ ಇದೆ. ಆದರೆ ಅದೇ ಅಧ್ಯಾಯದ 15ನೆಯ ವಚನ ಕುರಿವೇಷದ ತೋಳಗಳ ವಿಷಯದಲ್ಲಿ ಎಚ್ಚರವಾಗಿರಿ ಎನ್ನುತ್ತದೆ. ಕುರಿ ಯಾವುದು, ತೋಳ ಯಾವುದು ಎಂದು ತೀರ್ಮಾನಿಸದೆ ಎಚ್ಚರವಾಗಿರುವುದು ಹೇಗೆಂದು ಯಾರೂ ನನಗೆ ಇನ್ನೂ ವಿವರಿಸಿಲ್ಲ. ಮುಂದಿನ ಅಸ್ತ್ರ, ‘ಅಭಿಷಿಕ್ತರನ್ನು (ದೇವರು ಆರಿಸಿ ನೇಮಿಸಿದವರನ್ನು) ಮುಟ್ಟಬಾರದು’ ಎಂಬುದು. 105ನೆಯ ಕೀರ್ತನೆಯನ್ನು ಪೂರ್ತಿ ಓದಿದವರಿಗೆ ಗೊತ್ತು, ಆ ಮಾತಿನಿಂದ ದೇವರು ಗದರಿಸಿದ್ದು ಅರಸರನ್ನು, ದೇಶದಿಂದ ದೇಶಕ್ಕೆ ಅಲೆಯುತ್ತಿದ್ದ ಅಬ್ರಹಾಮ, ಇಸಾಕ, ಯಾಕೋಬರೆಂಬ ಪಿತೃಗಳಿಗೆ ಕೇಡು ಮಾಡಬಾರದೆಂದು. ಕಾಣಿಕೆಯ ಲೆಕ್ಕ ಕೇಳಿದ ಸಭಿಕರನ್ನಲ್ಲ.

ನಮ್ಮ ಸಂಬಂಧದಲ್ಲಿ ಹಿರಿಯರಾದ ಒಬ್ಬ ಅಕ್ಕನ ವಿಷಯ ಹೇಳಲೇಬೇಕು. ಮೂರು ತಿಂಗಳಲ್ಲಿ ಮಗನಿಗೆ ವೀಸಾ ಬರುತ್ತದೆಂದು ಒಬ್ಬ ಪ್ರವಾದಿ ಅವರಿಗೆ ನುಡಿದಿದ್ದರು. ಅದಕ್ಕಾಗಿ ‘ಬೀಜದ ಕಾಣಿಕೆ’, ಎಂದರೆ ಆಶೀರ್ವಾದದ ಬೆಳೆ ಬರಲೆಂದು ಮುಂಗಡವಾಗಿ ಕೊಡುವ ಹಣ, ಕಳುಹಿಸಬೇಕು, ಸಭೆಯ ಪಾಲಕರಾದ ಅಯ್ಯನವರಿಗೆ ಮಾತ್ರ ತಿಳಿಸಬಾರದು, ಏಕೆಂದರೆ ಅವಿಶ್ವಾಸದ ಮಾತು ಆಶೀರ್ವಾದವನ್ನು ತಡೆಯುತ್ತದೆ. ಮಗನ ಹೆಸರನ್ನೂ ವೀಸಾದ ಚಿಂತೆಯನ್ನೂ ಆ ಪ್ರವಾದಿ ತಾನಾಗಿಯೇ ಹೇಳಿದರೆಂದು ಅಕ್ಕನಿಗೆ ಅಚ್ಚರಿ. ಕೂಟದ ಬಾಗಿಲಲ್ಲಿ ಪ್ರಾರ್ಥನಾ ಕೋರಿಕೆಯ ಚೀಟಿ ತುಂಬಿಸಿ ಕೊಟ್ಟದ್ದು ಅಕ್ಕನ ನೆನಪಿನಲ್ಲಿರಲಿಲ್ಲ. ನಾನು ಸಂಶಯ ವ್ಯಕ್ತಪಡಿಸಿದೆ. ವೀಸಾ ಬಂತು. ಮುಂದಿನ ಮದುವೆಯಲ್ಲಿ, ನಾನು ಬಿರಿಯಾನಿಗೆ ಕೈ ಹಾಕುವ ಮೊದಲೇ ಎದುರಿಗೆ ಬಂದು ನಿಂತು, ‘ಈಗ ಏನು ಹೇಳುತ್ತೀ ತಮ್ಮಾ?’ ಎಂದರು. ಅವರ ಸಾಕ್ಷಿಯಲ್ಲಿ ವೀಸಾ ಕೊಟ್ಟ ದೂತಾವಾಸದ ಹೆಸರೇ ಇರಲಿಲ್ಲ.

ಹೇಳುವುದು ಇಷ್ಟೇ. ನುಡಿದದ್ದು ನೆರವೇರದಿದ್ದರೆ ಅದು ಯೆಹೋವನ ಮಾತಲ್ಲ ಎಂಬ ಧರ್ಮೋಪದೇಶಕಾಂಡ 18ರ ಪರೀಕ್ಷೆ ಎಲ್ಲರಿಗೂ ಬಾಯಿಪಾಠವಾಗಿದೆ. ಆದರೆ ಅದೇ ಗ್ರಂಥದ 13ನೆಯ ಅಧ್ಯಾಯ ಇನ್ನೂ ಕಠಿಣವಾದುದನ್ನು ಹೇಳುತ್ತದೆ: ಸೂಚಕಕಾರ್ಯ ನೆರವೇರಿದರೂ, ಅದನ್ನು ತೋರಿಸಿದವನು ನಿಮ್ಮನ್ನು ಬೇರೆ ದೇವರುಗಳ ಕಡೆಗೆ ಕರೆದರೆ ಅವನ ಮಾತಿಗೆ ಕಿವಿಗೊಡಬೇಡಿ, ನಿಮ್ಮ ದೇವರು ನಿಮ್ಮನ್ನು ಪರೀಕ್ಷಿಸುತ್ತಿದ್ದಾನೆ. ಎಂದರೆ, ನಿಜವಾಯಿತೇ ಎಂಬಲ್ಲಿಗೆ ವಿಚಾರಣೆ ಮುಗಿಯುವುದಿಲ್ಲ. ಎಲ್ಲಿಗೆ ಕರೆದೊಯ್ಯಿತು ಎಂದೂ ನೋಡಬೇಕು. ಅಕ್ಕ ಈಗ ಮಗಳ ಸಂಬಂಧವನ್ನೂ ಮನೆಯ ಮಾರಾಟವನ್ನೂ ಆ ಪ್ರವಾದಿಯ ಫೋನ್ ನಂಬರಿಗೆ ಕೇಳದೆ ನಿರ್ಧರಿಸುವುದಿಲ್ಲ.

ಹಣದ ವಿಷಯವಂತೂ ಹೊಸದೇನಲ್ಲ. ಆದಿಸಭೆಯ ಕೈಪಿಡಿಯಾದ ‘ದಿದಖೆ’, ಇದರ ಹಸ್ತಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಕ್ಕಿತು, ಊರಿಗೆ ಬಂದ ಅಪೊಸ್ತಲನು (ಊರೂರು ಸುತ್ತುವ ಬೋಧಕನು) ಮೂರು ದಿನ ಉಳಿದರೆ ಅಥವಾ ಹೊರಡುವಾಗ ಹಣ ಕೇಳಿದರೆ ಅವನು ಸುಳ್ಳು ಪ್ರವಾದಿ ಎಂದು ಸೀದಾ ಹೇಳುತ್ತದೆ. ಗುಟ್ಟಿನ ಬಗ್ಗೆ, ಯೇಸುಸಭೆಯ ಸ್ಥಾಪಕ ಇಗ್ನಾಸಿಯಸ್ ಲೊಯೋಲಾ 1548ರಲ್ಲಿ ಅಚ್ಚಾದ ತನ್ನ ಧ್ಯಾನಗ್ರಂಥದಲ್ಲಿ ಬರೆದದ್ದನ್ನು ಅಕ್ಕನಿಗೆ ಓದಿ ಹೇಳಿದ್ದೇನೆ: ಹುಡುಗಿ ತಂದೆಗೆ ತಿಳಿಸಬಾರದೆಂದು ಬಯಸುವ ವಂಚಕ ಪ್ರಣಯಿಯಂತೆ, ಶತ್ರುವಾದ ಸೈತಾನನೂ ತನ್ನ ಮಾತು ಅನುಭವಸ್ಥರ ಕಿವಿಗೆ ಬೀಳಬಾರದೆಂದು ಬಯಸುತ್ತಾನೆ. ಅಕ್ಕ ನಕ್ಕರು, ನಂಬರನ್ನು ಅಳಿಸಲಿಲ್ಲ.

ಅಕ್ಕ ದಡ್ಡರಲ್ಲ. ಏಜೆಂಟನೊಬ್ಬ ಹಣ ನುಂಗಿದ್ದ, ಮಗ ಮನೆಯಲ್ಲಿ ಮಾತು ಬಿಟ್ಟಿದ್ದ. ಯಾರಾದರೂ ‘ಆಗುತ್ತದೆ’ ಎಂದರೆ ಸಾಕಾಗಿತ್ತು. ಹಾಗಾಗಿಯೇ, ಆ ಪ್ರವಾದಿ ಎಂಥವರೆಂದು ಕೇಳುವುದಕ್ಕಿಂತ, ಈ ಮಾತು ನಿಜವಾಗಲಿ ಎಂದು ತಾನೇಕೆ ಇಷ್ಟು ಬಯಸುತ್ತಿದ್ದೇನೆ ಎಂದು ಯಾರಾದರೂ ಒಮ್ಮೆ ನನ್ನ ಬಳಿ ಕೇಳಲಿ ಎಂಬುದು ನನ್ನ ಆಸೆ. 1 ಅರಸುಗಳು 22ರಲ್ಲಿ, ಯುದ್ಧಕ್ಕೆ ಹೊರಟ ಇಸ್ರಾಯೇಲಿನ ಅರಸ ಅಹಾಬನೆದುರು ಸುಮಾರು ನಾನೂರು ಪ್ರವಾದಿಗಳು ‘ಹೋಗು, ಗೆಲ್ಲುವಿ’ ಎಂದರು. ಇವರಲ್ಲದೆ ಯೆಹೋವನ ಪ್ರವಾದಿ ಇನ್ನಾರೂ ಇಲ್ಲವೇ ಎಂದು ಅವನ ಜೊತೆಗಾರ, ಯೆಹೂದದ ಅರಸ ಯೆಹೋಷಾಫಾಟನು ಕೇಳಿದಾಗ, ಮೀಕಾಯೆಹು ಎಂಬವನಿದ್ದಾನೆ, ಆದರೆ ಅವನು ತನಗೆ ಎಂದೂ ಒಳ್ಳೆಯದನ್ನು ನುಡಿಯುವುದಿಲ್ಲವಾದ್ದರಿಂದ ಅವನನ್ನು ಹಗೆಮಾಡುತ್ತೇನೆ ಎಂದು ಅಹಾಬನು ಮುಚ್ಚುಮರೆಯಿಲ್ಲದೆ ಹೇಳಿದನು. ಅಹಾಬನ ಈ ಪ್ರಾಮಾಣಿಕತೆಯಾದರೂ ನಮ್ಮಲ್ಲಿ ಇದ್ದಿದ್ದರೆ! ಯೆಹೋಷಾಫಾಟನು ಸರಿಯಾದ ಪ್ರಶ್ನೆಯನ್ನೇ ಕೇಳಿದನು, ಮೀಕಾಯೆಹು ನುಡಿದ ಸೋಲಿನ ಮಾತನ್ನೂ ಕೇಳಿಸಿಕೊಂಡನು, ಆಮೇಲೆ ಅಹಾಬನ ಜೊತೆ ಯುದ್ಧಕ್ಕೆ ಹೋದನು. ನನ್ನನ್ನು ಕೇಳಿದವರೂ ಬಹುಮಟ್ಟಿಗೆ ಹೀಗೆಯೇ ಎದ್ದು ಹೋಗಿದ್ದಾರೆ, ನನ್ನ ಬೇಸರಕ್ಕೆ ಕಾರಣ ಅದು.

ಇನ್ನು ಮೇಲೆ ನನಗೆ ವಿಡಿಯೊ ಕಳುಹಿಸಬೇಡಿ. ಇಬ್ಬರು ಮೂವರು ಪ್ರವಾದಿಗಳು ಮಾತಾಡಲಿ, ಉಳಿದವರು ವಿವೇಚಿಸಲಿ ಎಂದು ಅಪೊಸ್ತಲ ಪೌಲನು ಕೊರಿಂಥದ ಸಭೆಯವರಿಗೆ ಬರೆದಿದ್ದಾನೆ. ‘ಉಳಿದವರು’ ಎಂದರೆ ನಾನೊಬ್ಬನೇ ಅಲ್ಲ. ಹಣ ಕಳುಹಿಸುವ ಮೊದಲು, ನಿಮಗೆ ನುಡಿದದ್ದನ್ನು ಬರೆದುಕೊಂಡು, ನಿಮ್ಮನ್ನು ವರ್ಷಗಳಿಂದ ಬಲ್ಲ ಇಬ್ಬರನ್ನು ಕರೆದುಕೊಂಡು, ಗುರುವಾರದ ಕೂಟಕ್ಕೆ ಬನ್ನಿ.