ಎಂಟು, ಐದು, ಮೂರು

ಮಾರ್ಚ್ 16, 2025, ಭಾನುವಾರ

ಇವತ್ತು ಮಧ್ಯಾಹ್ನ ಮೂರು ಗಂಟೆಗೆ ಮತ್ತೆ ಆ ಸಮಾಧಿಯ ಹತ್ತಿರ ಹೋಗಿದ್ದೆ. ಆ ಕಲ್ಲು ಓದಲು ಒಂದು ಹೊತ್ತು ಅಂತ ಇದೆ. ಬಿಸಿಲು ನೇರವಾಗಿ ಬಿದ್ದರೆ ಅದು ಬರೀ ಬೂದು ಹಲಗೆ, ಏನೂ ಕಾಣುವುದಿಲ್ಲ. ಪಕ್ಕದಿಂದ ಸವರಿಕೊಂಡು ಬಿದ್ದಾಗ ಮಾತ್ರ ಪ್ರತಿ ಅಕ್ಷರದ ಅಂಚಿಗೂ ಒಂದು ಗೆರೆ ನೆರಳು ಬಂದು, ಹೆಸರು ಎದ್ದು ಕಾಣುತ್ತದೆ. ಮೋಡ ಇದ್ದರೆ ಟಾರ್ಚನ್ನು ಕಲ್ಲಿಗೆ ಅಂಟಿಸಿದ ಹಾಗೆ ಅಡ್ಡ ಹಿಡಿಯುತ್ತೇನೆ. ಬ್ರಷ್ ತಂದು ಉಜ್ಜೋಣ ಅಂತ ಕೈ ತುರಿಸುತ್ತದೆ, ಆದರೆ ಉಜ್ಜಬಾರದು. ಕಲ್ಲುಹೂವಿನ ಜೊತೆಗೆ ಅಕ್ಷರವೂ ಉದುರಿ ಹೋಗುತ್ತದೆ.

ಇಂಗ್ಲೆಂಡಿನ ನಾರ್ಫೋಕ್‌ನ ಒಂದು ಸಣ್ಣ ಹಳ್ಳಿಯ ಚರ್ಚ್ ಇದು. ಗೋಡೆಯೆಲ್ಲ ಚಕಮಕಿ ಕಲ್ಲು. ಅಂಗಳದ ಮೂಲೆಯಲ್ಲಿ ಈ ಗಂಡ ಹೆಂಡತಿ. ಹೆಸರು ಬರೆಯುವುದಿಲ್ಲ, ಅವರ ಮರಿಮಕ್ಕಳು ಇನ್ನೂ ಈ ಕಡೆಯೇ ಇರಬಹುದು. ಮೇಲೆ ಗಂಡನ ಹೆಸರು, ತೀರಿಕೊಂಡ ದಿನ, ವಯಸ್ಸು. ಕೆಳಗೆ ಸಣ್ಣ ಅಕ್ಷರದಲ್ಲಿ ಅವಳು, "ಮೇಲೆ ಹೇಳಿದವರ ಹೆಂಡತಿ" ಅಂತ. ಅಷ್ಟೇ. ದಿನಾ ನಡೆಯುವ ದಾರಿ ಅದು, ಹೋದ ಅಕ್ಟೋಬರ್‌ನಲ್ಲಿ ಒಂದು ಸಂಜೆ ಸುಮ್ನೆ ನಿಂತು ಓದಿದೆ, ಅವತ್ತಿನಿಂದ ಬಿಡಲು ಆಗಿಲ್ಲ.

ಗಂಡ ಬೇಗ ಸಿಕ್ಕಿದ. ಇಲ್ಲಿ ಹತ್ತು ವರ್ಷಕ್ಕೊಮ್ಮೆ ಜನಗಣತಿ, 1841ರಿಂದ ಮನೆಯ ಒಬ್ಬೊಬ್ಬರ ಹೆಸರೂ ಇದೆ. ನೂರು ವರ್ಷ ದಾಟಿದ ಮೇಲೆ ಎಲ್ಲರಿಗೂ ನೋಡಲು ಬಿಡುತ್ತಾರೆ, ಹಾಗಾಗಿ ಈಗ 1921ರವರೆಗೂ ನೋಡಬಹುದು. 1881ರಲ್ಲಿ ಅವನು ಹೊಲದ ಕೂಲಿ. 1901ರ ಹೊತ್ತಿಗೆ ಜಮೀನ್ದಾರರ ಕುದುರೆ ನೋಡಿಕೊಳ್ಳುವವನು. ಒಂದು ಗಣತಿಯಿಂದ ಮುಂದಿನದಕ್ಕೆ ಹತ್ತು ವರ್ಷ ಆದರೂ ವಯಸ್ಸು ಒಮ್ಮೆ ಎಂಟೇ ವರ್ಷ ಏರಿದೆ, ಇನ್ನೊಮ್ಮೆ ಹನ್ನೆರಡು. ಬಾಯಲ್ಲಿ ಹೇಳಿದ್ದನ್ನು ಬರೆದುಕೊಂಡರೆ ಹಾಗೇ ಅಲ್ವಾ. ಅವಳ ಹೆಸರಿನ ಮುಂದೆ ಉದ್ಯೋಗದ ಕಾಲಂ ಪ್ರತಿ ಸಲವೂ ಖಾಲಿ. ಆ ಖಾಲಿ ಜಾಗ ನೋಡಿ ನೋಡಿ ನನಗೆ ಸಿಟ್ಟು ಬರುತ್ತಿತ್ತು. ನೀರು ಸೇದಿ, ಬಟ್ಟೆ ಒಗೆದು, ಮಕ್ಕಳನ್ನು ಸಾಕಿದವಳು ಏನೂ ಮಾಡಲಿಲ್ಲ ಅಂತ ಲೆಕ್ಕವೇ?

ಆಮೇಲೆ ಮದುವೆ ಪುಸ್ತಕ. ಒಂದು ವಿಷಯ ನನಗೆ ತಡವಾಗಿ ಗೊತ್ತಾಯಿತು. ಸರ್ಕಾರದ ಕೇಂದ್ರ ನೋಂದಣಿ ಕಚೇರಿಯಿಂದ ತರಿಸುವ ಮದುವೆ ಸರ್ಟಿಫಿಕೇಟು ಮೂಲ ಪುಸ್ತಕದಿಂದ ನಕಲು ಮಾಡಿಟ್ಟದ್ದು, ಅದರಲ್ಲಿ ಕಾಣುವ ಸಹಿ ಮದುಮಕ್ಕಳದ್ದಲ್ಲ. ನಿಜವಾದ ಸಹಿ ಬೇಕಾದರೆ ಚರ್ಚಿನ ಮೂಲ ಪುಸ್ತಕವನ್ನೇ ನೋಡಬೇಕು. ಜನವರಿಯಲ್ಲಿ ಅದಕ್ಕಾಗಿಯೇ ನಾರ್ವಿಚ್‌ನ ದಾಖಲೆ ಕೇಂದ್ರಕ್ಕೆ ಹೋದೆ. ಇಬ್ಬರ ಅಪ್ಪಂದಿರ ಹೆಸರು, ಕಸುಬು ಎರಡೂ ಇದೆ. ಅಮ್ಮಂದಿರಿಗೆ ಕಾಲಮ್ಮೇ ಇಲ್ಲ. (ಇಂಗ್ಲೆಂಡಿನ ಮದುವೆ ದಾಖಲೆಗೆ ಅಮ್ಮಂದಿರ ಹೆಸರು ಸೇರಿದ್ದು 2021ರ ಮೇ ತಿಂಗಳಲ್ಲಿ, ಮೊನ್ನೆ ಮೊನ್ನೆ!) ಕೆಳಗೆ ಗಂಡನ ಜಾಗದಲ್ಲಿ ಒಂದು ಇಂಟು ಗುರುತು. ಅವಳ ಜಾಗದಲ್ಲಿ ಸಹಿ. ಓದು ಬರಹ ಬರುತ್ತಿದ್ದದ್ದು ಅವಳಿಗೆ! ನಿಧಾನಕ್ಕೆ, ಒತ್ತಿ ಒತ್ತಿ ಬರೆದ ಅಕ್ಷರ. ಹೆಸರಿನ ಮೊದಲಿನ ದೊಡ್ಡ ಎಂ, ಅದರ ಎಡಗಾಲು ಕೆಳಗೆ ಬಂದು ಗಾಳದ ಹಾಗೆ ಒಳಕ್ಕೆ ಸುತ್ತಿಕೊಂಡಿದೆ. ಕೊನೆಯ ಅಕ್ಷರದಲ್ಲಿ ಮಸಿ ಸ್ವಲ್ಪ ಹರಡಿದೆ.

ಆ ಗಾಳ ನನ್ನ ತಲೆಯಲ್ಲಿ ಉಳಿದುಬಿಟ್ಟಿತ್ತು. ಫೆಬ್ರವರಿಯಲ್ಲಿ 1911ರ ಜನಗಣತಿ ತೆರೆದಾಗ ಅದೇ ಗಾಳ ಮತ್ತೆ ಕಣ್ಣಿಗೆ ಬಿತ್ತು. ಅದಕ್ಕಿಂತ ಹಿಂದಿನ ಗಣತಿಗಳಲ್ಲಿ ಉಳಿದಿರುವುದು ಗಣತಿಯವರು ತಮ್ಮ ಪುಸ್ತಕಕ್ಕೆ ಇಳಿಸಿಕೊಂಡದ್ದು. 1911ರದ್ದು ಹಾಗಲ್ಲ, ಮನೆಯವರೇ ತುಂಬಿಕೊಟ್ಟ ಹಾಳೆ ಹಾಗೇ ಇದೆ. ಕೆಳಗೆ ಸಹಿ ಗಂಡನ ಹೆಸರಲ್ಲಿದೆ, ಆದರೆ ಕೈ ಅವಳದ್ದು. ಕೋರ್ಟಿಗೆ ಕೊಡುವಂಥ ಸಾಕ್ಷಿ ಇದಲ್ಲ, ನನಗೆ ಸಾಕು. ಆ ವರ್ಷದ ಹಾಳೆಯಲ್ಲಿ ಒಂದು ಹೊಸ ಪ್ರಶ್ನೆ ಇತ್ತು: ಮದುವೆಯಾಗಿ ಎಷ್ಟು ವರ್ಷ, ಹುಟ್ಟಿದ ಮಕ್ಕಳೆಷ್ಟು, ಬದುಕಿರುವವರೆಷ್ಟು, ತೀರಿಕೊಂಡವರೆಷ್ಟು. ಮಕ್ಕಳ ಲೆಕ್ಕಕ್ಕೆ ಅವಳು ಬರೆದದ್ದು 8, 5, 3.

ಮೂರು ಅಂತ ಬರೆಯುವಾಗ ಲೇಖನಿ ನಿಂತಿತ್ತೋ ಏನೋ. ಅಂಕಿಯಲ್ಲಿ ಅದೇನೂ ಕಾಣುವುದಿಲ್ಲ, ಉಳಿದ ಎರಡರಷ್ಟೇ ನೆಟ್ಟಗಿದೆ.

ಆ ಮೂವರು ಯಾರು? ಸಮಾಧಿಯ ಕಲ್ಲಿನ ಮೇಲೆ ಅವರ ಸುದ್ದಿಯೇ ಇಲ್ಲ. ಮತ್ತೆ ನಾರ್ವಿಚ್‌ಗೆ ಹೋಗಿ ಚರ್ಚಿನ ಸಮಾಧಿ ಪುಸ್ತಕ ತೆಗೆಸಿದೆ. 1813ರಿಂದ ಇದಕ್ಕೆ ಅಚ್ಚಾದ ಪುಸ್ತಕ ಬಂದಿದೆ, ಪುಟಕ್ಕೆ ಎಂಟು ಹೆಸರು: ಹೆಸರು, ಊರು, ದಿನ, ವಯಸ್ಸು, ಕೊನೆಗೆ ಪಾದ್ರಿಯ ಸಹಿ. ಬೆರಳು ಇಟ್ಟುಕೊಂಡು ಒಂದೊಂದೇ ಓದುತ್ತಾ ಹೋದರೆ ಒಂದೇ ಪುಟದಲ್ಲಿ ಇಬ್ಬರು ಸಿಕ್ಕಿದರು. ನಾಲ್ಕು ವರ್ಷದ ಹುಡುಗಿ, ಒಂಬತ್ತು ದಿನ ಬಿಟ್ಟು ಅವಳ ತಮ್ಮ. ಮೊದಲು ನಾನು ಆ ಹುಡುಗಿಯನ್ನು ನಂಬಲಿಲ್ಲ, ಯಾಕೆಂದರೆ ಅದೇ ಹೆಸರಿನ ಹುಡುಗಿ ಮುಂದಿನ ಗಣತಿಯಲ್ಲಿ ಮನೆಯಲ್ಲೇ ಇದ್ದಾಳೆ. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಹೊಳೆಯಿತು, ಅವಳು ಬೇರೆ. ತೀರಿಕೊಂಡ ಮಗುವಿನ ಹೆಸರನ್ನು ಮುಂದೆ ಹುಟ್ಟಿದ ಮಗುವಿಗೆ ಇಡುವುದು ಆಗ ಇಲ್ಲಿ ಸಾಮಾನ್ಯವಾಗಿತ್ತು. ದಿನಕ್ಕೆ ಎಷ್ಟು ಸಲ ಆ ಹೆಸರು ಕೂಗಿರುತ್ತಾಳೋ ಆ ತಾಯಿ.

ನಿನ್ನೆ ಅಂಚೆಯಲ್ಲಿ ಆ ಇಬ್ಬರ ಮರಣ ದಾಖಲೆಯ ನಕಲು ಬಂತು. ಸ್ಕಾರ್ಲೆಟ್ ಜ್ವರ. ಹುಡುಗಿಗೆ ಐದು ದಿನ, ಹುಡುಗನಿಗೆ ನಾಲ್ಕು. ಗಂಟಲು ನೋವಿನಿಂದ ಶುರುವಾಗಿ ಮೈಯೆಲ್ಲ ಕೆಂಪಾಗುವ ಕಾಯಿಲೆ, ಈಗಾದರೆ ಆಂಟಿಬಯಾಟಿಕ್ ಕೊಟ್ಟು ವಾಸಿ ಮಾಡುತ್ತಾರೆ. ದಾಖಲೆಯ ಕೊನೆಯ ಹತ್ತಿರ ಇನ್ನೊಂದು ಕಾಲಂ ಇದೆ, ಸಾವಿನ ಸುದ್ದಿ ಕೊಟ್ಟವರು ಯಾರು ಅಂತ. ಎರಡರಲ್ಲೂ ಅವಳದೇ ಹೆಸರು. ಹೆಸರಿನ ಮುಂದೆ "ತಾಯಿ, ಸಾಯುವಾಗ ಹತ್ತಿರ ಇದ್ದವರು". ಎರಡು ವಾರದೊಳಗೆ ಎರಡು ಸಲ ರಿಜಿಸ್ಟ್ರಾರ್ ಮುಂದೆ ನಿಂತು ಇದನ್ನು ಹೇಳಿ ಬಂದಿದ್ದಾಳೆ. ಇದನ್ನು ಓದಿದ ಮೇಲೆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ, ಅದಕ್ಕೇ ಇವತ್ತು ಹೋದದ್ದು.

ಮಕ್ಕಳನ್ನು ಅಂಗಳದಲ್ಲಿ ಎಲ್ಲಿ ಇಟ್ಟರು ಅಂತ ಪುಸ್ತಕದಲ್ಲಿ ಇಲ್ಲ. ಇದೇ ಅಂಗಳ ಅನ್ನುವುದು ಮಾತ್ರ ಗೊತ್ತು. ಹಾಗಾಗಿ ಇವತ್ತು ಹುಲ್ಲಿನ ಮೇಲೆ ಹೆಜ್ಜೆ ಇಡಲೂ ಮನಸ್ಸಾಗದೆ, ಕಾಲುದಾರಿಯಲ್ಲೇ ಒಂದು ಸುತ್ತು ಬಂದು ಅವರ ಕಲ್ಲಿನ ಮುಂದೆ ನಿಂತೆ. ನಾಲ್ಕೂವರೆ ಹೊತ್ತಿಗೆ ನೆರಳು ದಪ್ಪವಾಗಿ ಅವಳ ಹೆಸರಿನ ಎಂ ಚೆನ್ನಾಗಿ ಕಂಡಿತು. ಕಲ್ಲು ಕೆತ್ತಿದವರ ಎಂ ಅದು, ಕಾಲು ನೇರ, ಗಾಳ ಇಲ್ಲ.

ಮೂರನೆಯ ಮಗು ಈ ಊರಿನ ಪುಸ್ತಕದಲ್ಲಿ ಇಲ್ಲ. 1881ರ ಗಣತಿಯಲ್ಲಿ ದೊಡ್ಡ ಮಗ ಹುಟ್ಟಿದ ಊರು ಬೇರೆ, ಇಲ್ಲಿಂದ ಹನ್ನೊಂದು ಮೈಲಿ. ಕೂಲಿ ಇದ್ದಲ್ಲಿಗೆ ಮನೆ ಬದಲಾಯಿಸುತ್ತಾ ಬಂದವರು ಇವರು, ಆ ಮಗುವನ್ನು ಅಲ್ಲೇ ಬಿಟ್ಟು ಬಂದಿರಬೇಕು. ಆ ಊರಿನ ಸಮಾಧಿ ಪುಸ್ತಕವೂ ನಾರ್ವಿಚ್‌ನಲ್ಲೇ ಇದೆಯಂತೆ. ಗುರುವಾರಕ್ಕೆ ರಜೆ ಕೇಳಿದ್ದೇನೆ.