ಅಪ್ಪನ ಕಿವಿ, ಅಮ್ಮನ ಗಂಟಲು, ಒಂದು ನೀಲಿ ಕಲ್ಲು

ನಮ್ಮ ಮನೆಯಲ್ಲಿ ಅಮ್ಮನ ದನಿ ದೊಡ್ಡದು. ಹುಟ್ಟಿನಿಂದ ಬಂದದ್ದಲ್ಲ, ಮದುವೆಯಾದ ಮೇಲೆ ಬೆಳೆದದ್ದು. ಅಪ್ಪ ಶಿವಮೊಗ್ಗದ ಹೊರವಲಯದ ಫೌಂಡ್ರಿಯೊಂದರಲ್ಲಿ ಮೂವತ್ತೊಂದು ವರ್ಷ ಕುಲುಮೆಯ ಪಕ್ಕ ನಿಂತವರು. ಎರಕ ಹೊಯ್ಯುವ, ಉಜ್ಜುವ, ಬಡಿಯುವ ಗದ್ದಲದಲ್ಲಿ ನಲವತ್ತೈದು ತುಂಬುವ ಹೊತ್ತಿಗೆ ಅವರ ಕಿವಿ ಅರ್ಧ ಹೋಗಿತ್ತು. ಶ್ರವಣಯಂತ್ರ ತಂದುಕೊಟ್ಟರೆ ಅದು ಟೀವಿಯ ಪಕ್ಕದ ಡಬ್ಬಿಯಲ್ಲೇ ಇರುತ್ತದೆ. ಹಾಕಿಕೊಂಡರೆ ಮಿಕ್ಸಿ ತಲೆಯೊಳಗೇ ತಿರುಗಿದ ಹಾಗಾಗುತ್ತದಂತೆ. ಹಾಗಾಗಿ ಅಮ್ಮನೇ ವರ್ಷದಿಂದ ವರ್ಷಕ್ಕೆ ದನಿ ಏರಿಸುತ್ತ ಬಂದಳು. ಅವಳು "ಊಟಕ್ಕೆ ಬನ್ನಿ" ಎಂದರೆ ಹಿಂದಿನ ಬೀದಿಯವರೂ ಕೈ ತೊಳೆದುಕೊಳ್ಳುತ್ತಾರೆ ಎಂಬುದು ನಮ್ಮ ಓಣಿಯ ಹಳೆಯ ತಮಾಷೆ.

ಆ ದನಿ ಕಳೆದ ಮೇ ತಿಂಗಳಲ್ಲಿ ಹೋಯಿತು.

ಥೈರಾಯ್ಡ್ ಗ್ರಂಥಿಯಲ್ಲಿ ಗಂಟು ಬೆಳೆದು ಉಸಿರಿಗೆ ಅಡ್ಡವಾಗುತ್ತಿತ್ತು. ಗ್ರಂಥಿಯನ್ನೇ ಪೂರ್ತಿ ತೆಗೆದರು. ಗಂಟು ಕೇಡಿನದಲ್ಲ ಎಂದು ವರದಿ ಬಂದಾಗ ನಾವೆಲ್ಲ ನಿಟ್ಟುಸಿರು ಬಿಟ್ಟೆವು. ಆದರೆ ಅಮ್ಮ ಬಾಯಿ ತೆರೆದಾಗ ಬಂದದ್ದು ಬರಿಯ ಗಾಳಿ, ನಡುವೆ ಹಳೆಯ ಸೀರೆ ಹರಿದಂಥ ಸದ್ದು. ಧ್ವನಿತಂತುಗಳನ್ನು ಆಡಿಸುವ ನರ ಥೈರಾಯ್ಡಿನ ಬೆನ್ನಿಗೆ ಅಂಟಿಕೊಂಡಂತೆಯೇ ಸಾಗುತ್ತದೆ. ಅದರಲ್ಲೂ ಎಡಭಾಗದ್ದು ಮಹಾ ಸುತ್ತುಗಾರ. ಎದೆಯವರೆಗೆ ಇಳಿದು, ಹೃದಯದಿಂದ ಹೊರಡುವ ಮಹಾಧಮನಿಯನ್ನು ಬಳಸಿ, ಮತ್ತೆ ಗಂಟಲಿಗೆ ಹತ್ತಿ ಬರುತ್ತದೆ. ಶಸ್ತ್ರಕ್ರಿಯೆಯಲ್ಲಿ ಅದಕ್ಕೆ ತುಸು ಎಳೆತ ಬಿದ್ದರೂ ಆ ಕಡೆಯ ತಂತು ಸುಮ್ಮನೆ ಕೂತುಬಿಡುತ್ತದೆ. "ನರ ಕತ್ತರಿಸಿಲ್ಲ, ಸೋತಿದೆ. ಆರು ತಿಂಗಳಿಂದ ಒಂದು ವರ್ಷ ಕಾಯಿರಿ" ಎಂದರು ವೈದ್ಯರು. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಓದಿ ಬಂದ ಹುಡುಗಿಯೊಬ್ಬಳು ಅಮ್ಮನಿಗೆ ಅಭ್ಯಾಸ ಹೇಳಿಕೊಟ್ಟಳು. ಲೋಟದ ನೀರಿಗೆ ಸ್ಟ್ರಾ ಇಟ್ಟು "ಊ" ಎನ್ನುತ್ತ ಗುಳ್ಳೆ ಎಬ್ಬಿಸುವುದು, ತುಟಿ ಮುಚ್ಚಿ "ಮ್" ಎಂದು ಗುನುಗುವುದು. ದಿನಕ್ಕೆ ನಾಲ್ಕು ಸಲ.

ಅಮ್ಮ ಎರಡು ದಿನ ಮಾಡಿದಳು. ಮೂರನೆಯ ದಿನ ಹಾಲಿನವನು ಕಿಟಕಿಯಿಂದ ನೋಡಿ ನಕ್ಕನಂತೆ. ಅರವತ್ತಾರು ವರ್ಷದ ಹೆಂಗಸು ಲೋಟದಲ್ಲಿ ಗುಳ್ಳೆ ಬಿಡುವುದೇ ಎಂದು ಸ್ಟ್ರಾವನ್ನು ಒಲೆಯ ಬೂದಿಗೆ ಎಸೆದಳು.

ಮನೆ ಮೌನವಾಯಿತು ಎಂದರೆ ಸುಳ್ಳಾಗುತ್ತದೆ. ಅಮ್ಮ ಪಿಸುಗುಟ್ಟುವುದು, ಅಪ್ಪ "ಏನು?" ಎನ್ನುವುದು, ಅಮ್ಮ ಕೈ ಬೀಸಿ ಒಳಗೆ ಹೋಗುವುದು, ಇದೇ ದಿನವಿಡೀ. ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಮಗುಚಿ ಹೊಲಿದು ಒಂದು ಪುಸ್ತಕ ಮಾಡಿಕೊಟ್ಟೆ. "ಸಾರಿಗೆ ಉಪ್ಪು ಸಾಕೆ?" ಎಂದು ಅವಳು ಬರೆದು, ಅಪ್ಪ ಕನ್ನಡಕ ಹುಡುಕಿ ತರುವಷ್ಟರಲ್ಲಿ ಮಜ್ಜಿಗೆಯೂ ಮುಗಿದಿರುತ್ತಿತ್ತು.

ಆಷಾಢದಲ್ಲಿ ಅಕ್ಕನ ಮಗಳು ಬೆಂಗಳೂರಿನಿಂದ ಬಂದಳು. ವಾರದಿಂದ ಬಿಡದೆ ಮಳೆ. ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೆಂದು ಊರಿಗೆ ಊರೇ ಕೊಡೆ ಹಿಡಿದು ತುಂಗೆಯನ್ನು ನೋಡಲು ಹೋಗುತ್ತಿದ್ದ ದಿನಗಳು ಅವು. ಹುಡುಗಿ ನೆನೆದ ಚೀಲದಿಂದ ಪುಟ್ಟ ಡಬ್ಬಿ ತೆಗೆದು ಅಜ್ಜಿಯ ಅಂಗೈಗೆ ಒಂದು ಕಲ್ಲು ಹಾಕಿದಳು. ಕಿರುಬೆರಳಿನಷ್ಟು ಉದ್ದ, ಸೌದೆಯ ಸಿಬಿರಿನಂತೆ ಚಪ್ಪಟೆ. ನಡುವೆ ಶಾಯಿಯ ನೀಲಿ, ಅಂಚಿಗೆ ಬರುತ್ತ ಬೂದು. ಉದ್ದಕ್ಕೂ ಸಣ್ಣ ಸಣ್ಣ ಎಳೆ, ಒಣಗಿದ ಅಡಿಕೆ ಹಾಳೆಯ ಗೆರೆಗಳಂತೆ. ತಲೆಯ ಕಡೆ ಬೆಳ್ಳಿಯ ಕೊಂಡಿ, ಅದಕ್ಕೆ ಕರಿಯ ದಾರ.

"ಕಯನೈಟ್ ಅಜ್ಜಿ. ಗಂಟಲಿನ ಚಕ್ರಕ್ಕೆ ಇದಕ್ಕಿಂತ ಒಳ್ಳೆಯದಿಲ್ಲ" ಎಂದಳು. ಹುಡುಗಿ ಮೊಬೈಲಿನಲ್ಲೇ ಹರಳು ಚಿಕಿತ್ಸೆಯ ಕೋರ್ಸು ಮುಗಿಸಿದ್ದಾಳೆ. ನೀಲಿ ಕಲ್ಲುಗಳೆಲ್ಲ ಮಾತಿಗೆ ಸೇರಿದವು, ಲಾಪಿಸ್ ಲಾಜುಲಿ, ಸೋಡಲೈಟ್, ಅಕ್ವಾಮರೀನ್ ಎಲ್ಲವೂ. ಆದರೆ ಉಳಿದವು ಸುತ್ತಲಿನ ಕೆಟ್ಟದ್ದನ್ನು ಹೀರಿಕೊಂಡು ಮಂಕಾಗುತ್ತವೆ, ಬೆಳದಿಂಗಳಲ್ಲೋ ಹೊಗೆಯಲ್ಲೋ ಶುದ್ಧ ಮಾಡಬೇಕು. ಕಯನೈಟ್ ಏನನ್ನೂ ಹಿಡಿದಿಟ್ಟುಕೊಳ್ಳುವುದಿಲ್ಲ, ಅದಕ್ಕೆ ಶುದ್ಧಿಯೇ ಬೇಡ. ಬೆಳಿಗ್ಗೆ ಸಂಜೆ ಹತ್ತು ನಿಮಿಷ ಗಂಟಲಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ, ಗುನುಗಬೇಕು. ಬೆಲೆ 1,800 ರೂಪಾಯಿ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಸುಮ್ಮನಿರುವುದು ನನ್ನ ಜಾತಕದಲ್ಲಿ ಬರೆದಿಲ್ಲ. 2001ರಲ್ಲಿ ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನ ಮನಶ್ಶಾಸ್ತ್ರಜ್ಞ ಕ್ರಿಸ್ಟೋಫರ್ ಫ್ರೆಂಚ್ 80 ಜನರ ಕೈಗೆ ಹರಳು ಕೊಟ್ಟು ಕೂರಿಸಿದ ಕಥೆ ಹೇಳಿದೆ. ಅರ್ಧ ಜನರದ್ದು ನಿಜವಾದ ಸ್ಫಟಿಕ, ಉಳಿದರ್ಧ ಜನರದ್ದು ನಕಲಿ. ಅಂಗೈ ಬೆಚ್ಚಗಾಯಿತು, ಮೈ ಜುಮ್ಮೆಂದಿತು ಎಂದು ಎರಡೂ ಗುಂಪಿನವರು ಒಂದೇ ರೀತಿ ಹೇಳಿದರು. "ಚಿಕ್ಕಮ್ಮ, ನಿಮಗೆ ಎಲ್ಲದರಲ್ಲೂ ಪರೀಕ್ಷೆ" ಎಂದು ಹುಡುಗಿ ಮುಖ ಊದಿಸಿಕೊಂಡಳು.

ತಮಾಷೆಯೆಂದರೆ ಅಮ್ಮನ ತಕರಾರು ಬೇರೆಯದೇ ಆಗಿತ್ತು. ಪುಸ್ತಕ ತೆಗೆದು ದೊಡ್ಡಕ್ಷರದಲ್ಲಿ "ನೀಲ??" ಎಂದು ಬರೆದಳು. ನಮ್ಮ ಕಡೆ ನೀಲಿ ಕಲ್ಲೆಂದರೆ ಶನಿಯ ಕಲ್ಲು. ಆಗಿ ಬಂದರೆ ಮಹಡಿ ಕಟ್ಟಿಸುತ್ತದೆ, ಆಗದಿದ್ದರೆ ಇದ್ದ ಹಂಚನ್ನೂ ಇಳಿಸುತ್ತದೆ. ಇಂದ್ರನೀಲವೇ ಬೇರೆ, ಅದು ಕುರುಂದದ ಜಾತಿ, ಕಬ್ಬಿಣ ಮತ್ತು ಟೈಟಾನಿಯಂ ಒಂದಿಷ್ಟು ಬೆರೆತು ನೀಲಿಯಾದದ್ದು, ವಜ್ರ ಬಿಟ್ಟರೆ ಅಷ್ಟು ಗಟ್ಟಿಯಾದ ರತ್ನ ಇನ್ನೊಂದಿಲ್ಲ, ಇದು ಬಡಪಾಯಿ ಕಯನೈಟ್ ಎಂದು ನಾನು ಎಷ್ಟು ಬಿಡಿಸಿ ಹೇಳಿದರೂ ಅವಳು ಕೇಳಲಿಲ್ಲ. ನೀಲವನ್ನು ಧರಿಸುವ ಮೊದಲು ಮೂರು ರಾತ್ರಿ ದಿಂಬಿನ ಕೆಳಗಿಟ್ಟು ಕನಸು ನೋಡಬೇಕು, ಅಷ್ಟೇ. ಕ್ರಿಸ್ಟೋಫರ್ ಫ್ರೆಂಚರ ಪರೀಕ್ಷೆ ಬೇಡ, ಈ ಪರೀಕ್ಷೆ ಬೇಕು! ಮೊದಲ ರಾತ್ರಿ ಕನಸಿಲ್ಲ. ಎರಡನೆಯ ರಾತ್ರಿ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ಬಳೆ ಕೊಂಡಂತೆ. ಮೂರನೆಯ ರಾತ್ರಿ ಮಳೆ ಸೋರಿ ಹಾಸಿಗೆ ಒದ್ದೆಯಾಗಿ ನಿದ್ದೆಯೇ ಬರಲಿಲ್ಲ. ಎರಡಕ್ಕೆ ಒಂದು ಶುಭ ಎಂದು ಅವಳೇ ತೀರ್ಪು ಕೊಟ್ಟುಕೊಂಡು ಕಲ್ಲನ್ನು ಕೊರಳಿಗೆ ಹಾಕಿಕೊಂಡಳು.

ಸಂಸ್ಕೃತ ಮೇಷ್ಟರಾಗಿದ್ದ ಸೋದರಮಾವ ಮತ್ತೂರಿನಿಂದ ತಮ್ಮ ಅಕ್ಕನನ್ನು ನೋಡಲು ಬಂದವರು ಕಲ್ಲನ್ನು ನೋಡಿ ಹುಬ್ಬೇರಿಸಿದರು. ಗಂಟಲಿನ ವಿಶುದ್ಧ ಚಕ್ರಕ್ಕೆ ನೀಲಿ ಎಂದವರು ಯಾರು? ಹದಿನಾರನೆಯ ಶತಮಾನದ ಷಟ್ಚಕ್ರ ನಿರೂಪಣ ಎಂಬ ಗ್ರಂಥದಲ್ಲಿ ಅದರ ದಳಗಳಿಗೆ ಹೊಗೆಯ ಬಣ್ಣ. ಹದಿನಾರು ದಳ, ದಳಕ್ಕೊಂದರಂತೆ ಅ, ಆ, ಇ, ಈ ಹದಿನಾರು ಸ್ವರ. ಬುಡದಿಂದ ನೆತ್ತಿಯವರೆಗೆ ಕಾಮನಬಿಲ್ಲಿನ ಏಳು ಬಣ್ಣ ಹಂಚಿದ್ದು ಕಳೆದ ಶತಮಾನದ ಪಾಶ್ಚಾತ್ಯರ ಕೆಲಸ. "ಅಕ್ಕ, ಕಲ್ಲು ಇರಲಿ, ಆ ಹದಿನಾರು ಸ್ವರ ದಿನಾ ಹೇಳು" ಎಂದು ಹೇಳಿ ಕಾಫಿ ಕುಡಿದು ಹೋದರು. ಮಾತಿನ ಚಿಕಿತ್ಸೆಯ ಹುಡುಗಿ ಹೇಳಿದ್ದಕ್ಕೂ ಇದಕ್ಕೂ ಹೆಚ್ಚು ದೂರವಿರಲಿಲ್ಲ.

ಅದರ ಮರುದಿನ ಭಾನುವಾರ. ಅಮ್ಮ ಸ್ನಾನಕ್ಕೆ ಹೋಗುವಾಗ ಕಲ್ಲನ್ನು ಬಿಚ್ಚಿ ಕನ್ನಡಿಯ ಮುಂದೆ ಇಟ್ಟಿದ್ದಳು. ನಾನು ಹೊರಗೆ ಬಂದು ನೋಡಿದರೆ ಅಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಕೂತಿದ್ದಾರೆ, ಇನ್ನೊಂದು ಕೈಯಲ್ಲಿ ದಬ್ಬಳ.

"ಇದನ್ನು ನಾನು ಬಲ್ಲೆ" ಎಂದರು ನನಗೆ. ಕುಲುಮೆಯ ಒಳಗೋಡೆಗೆ ಬಳಿಯುವ ಗಾರೆಯಲ್ಲಿ ಇದರ ಪುಡಿ ಇರುತ್ತಿತ್ತಂತೆ, ಚೀಲದ ಮೇಲೆ ಹೆಸರೇ ಇರುತ್ತಿತ್ತಂತೆ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿಕೊಂಡಂದಿನಿಂದ ನಮ್ಮ ಸೀಮೆಯಲ್ಲಿ ಇಂಥ ವಿದ್ಯೆ ಬಲ್ಲವರಿಗೆ ಬರವಿಲ್ಲ. ಕಯನೈಟ್ ಎಂದರೆ ಅಲ್ಯೂಮಿನಿಯಂ ಸಿಲಿಕೇಟ್. ಭೂಮಿಯ ಆಳದ ಒತ್ತಡದಲ್ಲಿ ಹುಟ್ಟುತ್ತದೆ. ಸುಮಾರು 1,300 ಡಿಗ್ರಿಯ ಆಚೆ ಕಾಯಿಸಿದರೆ ಉಬ್ಬಿ ಮುಲೈಟ್ ಎಂಬ ಇನ್ನೊಂದು ವಸ್ತುವಾಗುತ್ತದೆ. ಉಳಿದ ಮಣ್ಣು ಬೆಂಕಿಯಲ್ಲಿ ಕುಗ್ಗಿ ಬಿರಿಯುವಾಗ ಇದು ಹಿಗ್ಗಿ ಬಿರುಕನ್ನು ತುಂಬುತ್ತದೆ. ಜಾರ್ಖಂಡದ ಲಾಪ್ಸಾಬುರು ಇದಕ್ಕೆ ಹೆಸರಾದ ಗಣಿ. ನಮ್ಮ ರಾಜ್ಯದ ಹಾಸನ ಜಿಲ್ಲೆಯಲ್ಲೂ ಸಿಗುತ್ತದೆ. ಚೀಲಗಟ್ಟಲೆ ಬರುತ್ತಿದ್ದ ಕಲ್ಲು ಈಗ ದಾರ ಕಟ್ಟಿಸಿಕೊಂಡು 1,800 ರೂಪಾಯಿಗೆ ಮನೆಗೆ ಬಂದಿದೆ ಎಂಬುದೇ ಅಪ್ಪನಿಗೆ ದೊಡ್ಡ ಮನರಂಜನೆ.

"ಇಲ್ಲಿ ನೋಡು" ಎಂದು ದಬ್ಬಳದ ತುದಿಯನ್ನು ಕಲ್ಲಿನ ಉದ್ದಕ್ಕೆ ಎಳೆದರು. ಬಿಳಿಯ ಗೀರು ಬಿತ್ತು. ಅಡ್ಡಕ್ಕೆ ಎಳೆದರು. ದಬ್ಬಳ ಜಾರಿತು, ಏನೂ ಇಲ್ಲ. ಒಂದೇ ಕಲ್ಲು, ಒಂದು ದಿಕ್ಕಿಗೆ ಗಡಸುತನ ಐದರ ಆಸುಪಾಸು, ಇನ್ನೊಂದು ದಿಕ್ಕಿಗೆ ಏಳರ ಹತ್ತಿರ. ಫ್ರಾನ್ಸಿನ ಖನಿಜಶಾಸ್ತ್ರಜ್ಞ ಆಯುಯಿ ಇದಕ್ಕೇ ಕಲ್ಲನ್ನು ಡಿಸ್ಥೀನ್, ಎಂದರೆ ಎರಡು ಬಲದ್ದು, ಎಂದು ಕರೆದ. ಇಪ್ಪತ್ತು ವರ್ಷ ಗಡಸುತನ ಅಳೆಯುವ ಮೋಹ್ಸ್ ಮಾಪಕದ ಪಾಠ ಮಾಡಿದ್ದೇನೆ, ಹತ್ತು ಖನಿಜಗಳ ಹೆಸರನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದ್ದೇನೆ. ಹೀಗೆ ಕಣ್ಣೆದುರು ನೋಡಿದ್ದು ಅದೇ ಮೊದಲು. ನಾನೂ ದಬ್ಬಳ ಇಸಿದುಕೊಂಡು ಇನ್ನೊಂದು ಗೀರು ಎಳೆದೆ.

ಆಗ ಬಂತು ಹಿಂದಿನಿಂದ: "ಏನು ಮಾಡುತ್ತಿದ್ದೀರಿ ಅದಕ್ಕೆ!"

ದನಿ ಒಡೆದಿತ್ತು, ಕೊನೆಯ ಅಕ್ಷರ ಗಾಳಿಯಲ್ಲೇ ಹೋಯಿತು. ಆದರೆ ಅದು ಪಿಸುಮಾತಲ್ಲ. ಅಪ್ಪ ತಲೆ ಎತ್ತಿದರು. ಮೇ ತಿಂಗಳಿನಿಂದ ಅಮ್ಮನ ಸದ್ದಿಗೆ ಅವರು ತಿರುಗಿ ನೋಡಿದ್ದು ಅದೇ ಮೊದಲು. ಒದ್ದೆ ತಲೆಗೆ ಬಟ್ಟೆ ಸುತ್ತಿಕೊಂಡು ನಿಂತ ಅಮ್ಮ ತನ್ನ ದನಿಗೆ ತಾನೇ ಬೆಚ್ಚಿ ಗಂಟಲು ಮುಟ್ಟಿಕೊಂಡಳು. ಚೆನ್ನಾಗಿರುವ ತಂತು ನಡುಗೆರೆ ದಾಟಿ ಹೋಗಿ ಸೋತ ತಂತನ್ನು ಮುಟ್ಟಲು ಕಲಿತರೆ ಹೀಗಾಗುತ್ತದೆ ಎಂದು ಚಿಕಿತ್ಸೆಯ ಹುಡುಗಿ ಆಮೇಲೆ ಹೇಳಿದಳು. ಮೊಮ್ಮಗಳು ಏನು ಹೇಳಿದಳೆಂದು ಬರೆಯಬೇಕಾಗಿಲ್ಲ.

ಅಂದಿನಿಂದ ಅಮ್ಮ ಗುನುಗುವುದನ್ನು ಬಿಡಲಿಲ್ಲ. ದೇವರ ಕೋಣೆಯ ಬಾಗಿಲು ಮುಚ್ಚಿ, ಕಲ್ಲನ್ನು ಗಂಟಲಿಗೆ ಒತ್ತಿ, ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು. ಸ್ಟ್ರಾ ಇಟ್ಟು ಮಾಡಿದರೆ ನಾಚಿಕೆ, ಕಲ್ಲು ಹಿಡಿದರೆ ಜಪ. ಹಾಲಿನವನು ನಗುವ ಪ್ರಶ್ನೆಯೇ ಇಲ್ಲ. ನನಗೆ ಒಳಗೊಳಗೇ ಉರಿಯುತ್ತಿತ್ತು. ಅದೇ ಗುನುಗು, ಅದೇ "ಮ್", ನಾನು ಕೈ ಮುಗಿದು ಬೇಡಿದಾಗ ಆಗದ್ದು 1,800 ರೂಪಾಯಿಗೆ ಆಗುತ್ತಿದೆ.

ಹಾಗೆಂದು ಕಲ್ಲಿನೊಂದಿಗೆ ರಾಜಿಯಾದೆ ಎಂದುಕೊಳ್ಳಬೇಡಿ. ಆಗಸ್ಟ್ ಕೊನೆಗೆ ಅಮ್ಮನ ಮುಖ ಊದಿಕೊಂಡಂತೆ ಕಂಡಿತು, ಕೂತಲ್ಲೇ ತೂಕಡಿಕೆ, ಬಿಸಿಲಿದ್ದರೂ ಚಳಿ. ತೆಗೆದ ಗ್ರಂಥಿಯ ಬದಲಿಗೆ ವೈದ್ಯರು ಕೊಟ್ಟಿದ್ದ ಥೈರಾಯ್ಡ್ ಮಾತ್ರೆಯ ಬಾಟಲಿ ಸುರಿದು ಎಣಿಸಿದೆ. ನೂರು ಮಾತ್ರೆಯ ಬಾಟಲಿಯಲ್ಲಿ ಇರಬೇಕಾದದ್ದಕ್ಕಿಂತ ಇಪ್ಪತ್ತೊಂದು ಹೆಚ್ಚಿದ್ದವು. ಕಲ್ಲಿನ ಡಬ್ಬಿಯಲ್ಲಿ ಮಡಚಿಟ್ಟಿದ್ದ ಚೀಟಿಯಲ್ಲಿ, ಥೈರಾಯ್ಡನ್ನು ಈ ಕಲ್ಲು ಸಮತೋಲನಕ್ಕೆ ತರುತ್ತದೆ, ಔಷಧದ ಅವಲಂಬನೆ ತಗ್ಗಿಸುತ್ತದೆ ಎಂದು ಅಚ್ಚಾಗಿತ್ತು. ಗ್ರಂಥಿಯೇ ಇಲ್ಲದ ಕೊರಳಿಗೆ ಯಾವ ಸಮತೋಲನ? ಆ ಮಾತ್ರೆ ಬದುಕಿರುವವರೆಗೂ ಬೇಕು, ದಿನಾ, ಖಾಲಿ ಹೊಟ್ಟೆಯಲ್ಲಿ. ನಾನು ಬೆಂಗಳೂರಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಹುಡುಗಿ ಅತ್ತಳು, ಅವಳು ಆ ಚೀಟಿಯನ್ನು ಓದಿಯೇ ಇರಲಿಲ್ಲ. ಚೀಟಿಯನ್ನು ಒಲೆಗೆ ಹಾಕಿದೆ. ಕಲ್ಲನ್ನೂ ಹಾಕಬೇಕೆಂದಿದ್ದೆ, ಒಲೆಯ ಬೆಂಕಿಗೆ ಅದಕ್ಕೇನೂ ಆಗುವುದಿಲ್ಲ ಎಂಬುದು ನೆನಪಾಯಿತು.

ಈಗ ಮಾತ್ರೆ ಅಪ್ಪನ ಸುಪರ್ದಿಯಲ್ಲಿದೆ. ಬೆಳಿಗ್ಗೆ ಆರಕ್ಕೆ ನೀರಿನ ಲೋಟದ ಜೊತೆ ತಂದು ಅಮ್ಮ ನುಂಗುವವರೆಗೆ ಎದುರಿಗೇ ನಿಲ್ಲುತ್ತಾರೆ.

ದೀಪಾವಳಿಗೆ ಹಂಡೆ ತೊಳೆಯುವಾಗ ಕಲ್ಲು ಬಚ್ಚಲಿನ ಚಪ್ಪಡಿಗೆ ಬಿದ್ದು ಉದ್ದುದ್ದಕ್ಕೆ ಸೀಳಿತು, ಸೌದೆ ಸೀಳಿದಷ್ಟು ನೀಟಾಗಿ. ಕೆಲಸ ಮುಗಿದರೆ ಕಲ್ಲು ತಾನೇ ಒಡೆಯುತ್ತದೆ ಎಂದು ಫೋನಿನಲ್ಲಿ ಮೊಮ್ಮಗಳು. ಅದರ ಎಳೆ ಇರುವುದೇ ಹಾಗೆ, ಇಷ್ಟು ದಿನ ಬಾಳಿದ್ದೇ ಹೆಚ್ಚು ಎಂದು ಅಪ್ಪ. ಕೊಂಡಿಯ ಕಡೆಯ ಸೀಳನ್ನು ಅಮ್ಮ ದೇವರ ಪೆಟ್ಟಿಗೆಯಲ್ಲಿಟ್ಟಳು. ಇನ್ನೊಂದು ಅಪ್ಪನ ಸ್ಕ್ರೂಡ್ರೈವರ್ ಡಬ್ಬಿಗೆ ಸೇರಿತು. ಮನೆಗೆ ಬಂದವರಿಗೆಲ್ಲ ದಬ್ಬಳದ ಪ್ರಯೋಗ ಅದರ ಮೇಲೆಯೇ ನಡೆಯುತ್ತದೆ.

ಮೊನ್ನೆಯೂ ಪಕ್ಕದ ಮನೆಯವರಿಗೆ ತೋರಿಸುತ್ತಿದ್ದರು. ಒಳಗಿನಿಂದ ಅಮ್ಮ ಕೂಗಿದಳು, ತುಸು ಗೊಗ್ಗರು, ಆದರೂ ಜಗುಲಿಯವರೆಗೆ ಬಂತು: "ದೋಸೆ ಆರುತ್ತಿದೆ!"

ಅಪ್ಪ ದಬ್ಬಳವನ್ನು ಎತ್ತಿ ಹಿಡಿದೇ ಕೇಳಿದರು, "ಏನು?"